4-4-2 ಅಂದರೇನು? ಮುಂದಿನ ಸೀಸನ್‌ಗೆ ಫುಟ್‌ಬಾಲ್ ತಂಡವನ್ನು ಹೇಗೆ ನಿಲ್ಲಿಸೋದು

ಹೋದ ವಾರ ಬೆಳಗಿನ ಪ್ರಾಕ್ಟೀಸ್ ಮುಗಿಸಿ ಹೊರಟಿದ್ದೆ. ನಮ್ಮ ಹುಡುಗನೊಬ್ಬನ ತಾಯಿ ಗೇಟ್ ಹತ್ತಿರ ನಿಂತಿದ್ದರು. "ಸರ್, ಮನೇಲಿ ದಿನಾ ಇದೇ ಮಾತು. ಇವನು 4-3-3 ಅಂತಾನೆ, ಇವನ ಫ್ರೆಂಡು 4-4-2 ಅಂತಾನೆ, ಫೋನಲ್ಲೇ ಜಗಳ. ನಾನು ಎರಡನ್ನೂ ಕೂಡಿಸಿ ನೋಡಿದೆ, ಹತ್ತೇ ಬರುತ್ತೆ. ಟೀಮಲ್ಲಿ ಹನ್ನೊಂದು ಜನ ಅಲ್ವಾ?" ಅಂದರು.

ಇಷ್ಟು ನೇರವಾದ ಪ್ರಶ್ನೆಯನ್ನು ನಮ್ಮ ಹುಡುಗರೇ ಯಾವತ್ತೂ ಕೇಳಿಲ್ಲ. ಆಡುವವರಿಗೆ ಈ ಅಂಕಿಗಳು ಬಾಯಿಪಾಠ. ನೋಡುವವರಿಗೆ, ಮಕ್ಕಳನ್ನು ಕಳಿಸುವವರಿಗೆ, ಜೆರ್ಸಿಗೆ ದುಡ್ಡು ಕೊಟ್ಟವರಿಗೆ ಯಾರೂ ಕೂತು ಹೇಳಿರುವುದಿಲ್ಲ. ಕೋಲಾರದಲ್ಲಿ ಈಗ ಸೀಸನ್ ಮುಗಿದಿದೆ. ಮುಂದಿನದಕ್ಕೆ ತಂಡ ಕಟ್ಟುವ ಹೊತ್ತು. ಯಾವ ಫಾರ್ಮೇಶನ್, ಅಂದರೆ ಆಟಗಾರರನ್ನು ಯಾವ ಕ್ರಮದಲ್ಲಿ ನಿಲ್ಲಿಸೋದು ಅನ್ನೋ ಚರ್ಚೆ ಚಹಾ ಅಂಗಡಿಯ ಬೆಂಚಿನ ತನಕ ಬಂದಿದೆ. ಹಾಗಾಗಿ ಮೊದಲಿಂದ ಶುರು ಮಾಡುತ್ತೇನೆ.

ಕೂಡಿಸಿದರೆ ಹತ್ತೇ ಯಾಕೆ?

ಆ ತಾಯಿಯ ಲೆಕ್ಕ ಸರಿಯಾಗಿದೆ. ಹನ್ನೊಂದನೆಯವನು ಗೋಲ್‌ಕೀಪರ್. ಅವನ ಜಾಗ ಗೋಲಿನ ಮುಂದೆ ಅನ್ನೋದು ಗೊತ್ತಿರುವುದರಿಂದ ಅವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ಹತ್ತು ಜನ ಎಲ್ಲೆಲ್ಲಿ ನಿಲ್ಲುತ್ತಾರೆ ಅನ್ನೋದನ್ನು ಈ ಅಂಕಿ ಹೇಳುತ್ತದೆ.

ಓದುವುದು ಹಿಂದಿನಿಂದ ಮುಂದಕ್ಕೆ. ಮೊದಲ ಅಂಕಿ ಗೋಲ್‌ಕೀಪರ್ ಮುಂದೆ ನಿಲ್ಲುವ ಡಿಫೆಂಡರ್‌ಗಳದು. ಕೊನೆಯ ಅಂಕಿ ಎದುರಾಳಿಯ ಗೋಲಿಗೆ ಹತ್ತಿರ ನಿಲ್ಲುವ ಫಾರ್ವರ್ಡ್‌ಗಳದು. ನಡುವಿನದು ಮಿಡ್‌ಫೀಲ್ಡರ್‌ಗಳದು. 4-4-2 ಅಂದರೆ ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಕೆಲವೊಮ್ಮೆ 4-2-3-1 ಅಂತ ನಾಲ್ಕು ಅಂಕಿ ಕಾಣುತ್ತದೆ. ಅದೂ ಅಷ್ಟೆ, ಮಿಡ್‌ಫೀಲ್ಡನ್ನು ಎರಡು ಸಾಲು ಮಾಡಿ ಬರೆದಿದ್ದಾರೆ.

ಅಂಕಿ ಚುಕ್ಕಿ ಇದ್ದ ಹಾಗೆ

ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲು ಚುಕ್ಕಿ ಇಡುತ್ತೇವೆ. ಆಮೇಲೆ ಗೆರೆ ಎಳೆಯುತ್ತೇವೆ. ಅದೇ ಚುಕ್ಕಿಗಳಿಂದ ಹತ್ತು ಬೇರೆ ರಂಗೋಲಿ ಬರಬಹುದು. ಫಾರ್ಮೇಶನ್ ಅನ್ನೋದು ಚುಕ್ಕಿ. ಹುಡುಗರ ಓಟ, ಪಾಸ್, ಒಬ್ಬ ಮುಂದೆ ಹೋದಾಗ ಇನ್ನೊಬ್ಬ ಅವನ ಜಾಗಕ್ಕೆ ಬರುವುದು, ಇವೆಲ್ಲ ಗೆರೆ. ಒಂದೇ 4-3-3 ಆಡುವ ಎರಡು ತಂಡಗಳು ಕಣ್ಣಿಗೆ ಒಂಚೂರೂ ಒಂದೇ ಥರ ಕಾಣದೆ ಇರುವುದು ಇದಕ್ಕೇ.

ಇನ್ನೊಂದು ಹೋಲಿಕೆ ಕಬಡ್ಡಿ. ಏಳು ಜನ ಕೈ ಹಿಡಿದು ನಿಂತಿರುತ್ತಾರೆ. ಎರಡು ಕಡೆ ಕಾರ್ನರ್, ಕವರ್, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ. ರೈಡರ್ ಎಡಕ್ಕೆ ಬಂದರೆ ಇಡೀ ಸಾಲು ಅವನ ಸುತ್ತ ತಿರುಗುತ್ತದೆ. ಕಾರ್ನರ್ ಕಾಲು ಹಿಡಿದರೆ ಕವರ್ ಬಂದು ಒತ್ತುತ್ತಾನೆ. ಕಾರ್ನರ್ ಒಬ್ಬನೇ ಆದರೆ ರೈಡರ್ ಅವನನ್ನು ಎಳೆದುಕೊಂಡೇ ಗೆರೆ ದಾಟುತ್ತಾನೆ. ಫುಟ್‌ಬಾಲಿನಲ್ಲಿ ಕೈ ಹಿಡಿದಿರುವುದಿಲ್ಲ, ಗ್ರೌಂಡು ತುಂಬಾ ದೊಡ್ಡದು, ಅಷ್ಟೇ ವ್ಯತ್ಯಾಸ. ಒಬ್ಬ ಕದಲಿದರೆ ಎಲ್ಲರೂ ಕದಲಬೇಕು.

ನಾವು ಸೋತ ಮ್ಯಾಚ್

ಕಳೆದ ಸೀಸನ್‌ನ ಕೊನೆಯ ಮ್ಯಾಚ್ ಹೇಳಿದರೆ ಉಳಿದದ್ದು ಸುಲಭವಾಗುತ್ತದೆ. ಅವತ್ತು ನಾವು 4-3-3 ನಿಂತಿದ್ದೆವು. ನಮ್ಮ ಎಡಗಡೆ ವಿಂಗರ್, ಅಂದರೆ ಮುಂದಿನ ಮೂವರಲ್ಲಿ ಬದಿಯಲ್ಲಿ ಆಡುವವನು, ತಂಡದಲ್ಲೇ ಅತಿ ವೇಗದ ಹುಡುಗ. ಮೊದಲ ಗೋಲ್ ಅವನದೇ. 1-0 ಮುಂದಿದ್ದೆವು.

ಗಂಟೆ ದಾಟಿದ ಮೇಲೆ ಎದುರು ತಂಡದ ಬಲಗಡೆ ಬ್ಯಾಕ್ (ಬದಿಯ ಡಿಫೆಂಡರ್) ಒಂದು ವಿಷಯ ಗಮನಿಸಿದ. ನಾವು ಚೆಂಡು ಕಳೆದುಕೊಂಡಾಗ ನಮ್ಮ ವಿಂಗರ್ ಮುಂದೆಯೇ ಉಳಿಯುತ್ತಿದ್ದ. ಸುಸ್ತಾಗಿತ್ತು, ಪಾಪ. ಆ ಬ್ಯಾಕ್ ತನ್ನ ವಿಂಗರ್ ಜೊತೆ ಮುಂದೆ ಓಡೋಕೆ ಶುರು ಮಾಡಿದ. ಈಗ ನಮ್ಮ ಲೆಫ್ಟ್ ಬ್ಯಾಕ್ ಒಬ್ಬ, ಎದುರು ಇಬ್ಬರು. ಅವನು ಚೆಂಡಿನ ಮೇಲೆ ಹೋದರೆ ಇನ್ನೊಬ್ಬ ಬೆನ್ನ ಹಿಂದೆ ನುಗ್ಗುತ್ತಾನೆ. ಹೋಗದೆ ನಿಂತರೆ ಚೆಂಡು ಇರುವವನು ತಲೆ ಎತ್ತಿ ನೋಡಿ, ನಿಧಾನವಾಗಿ ಗೋಲಿನ ಮುಂದಕ್ಕೆ ಕ್ರಾಸ್ ಹೊಡೆಯುತ್ತಾನೆ. ಹತ್ತು ನಿಮಿಷದಲ್ಲಿ ಎರಡು ಗೋಲ್, ಎರಡೂ ಅದೇ ದಾರಿಯಲ್ಲಿ.

ವಾಪಸ್ ಬರುವಾಗ ಟೆಂಪೋದಲ್ಲಿ ಎಲ್ಲರೂ ಆ ಲೆಫ್ಟ್ ಬ್ಯಾಕ್ ಹುಡುಗನನ್ನು ಬೈದರು. ಅವನು ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ತಪ್ಪು ಅವನದಲ್ಲ. ಅವನನ್ನು ಅಲ್ಲಿ ಒಂಟಿಯಾಗಿ ಬಿಟ್ಟವರು ತಂಡ ನಿಲ್ಲಿಸಿದ ನಾವು. ಮಾರನೇ ದಿನ ಚಹಾ ಅಂಗಡಿಯ ಕಲ್ಲುಬೆಂಚಿನ ಮೇಲೆ ಸೋಡಾ ಬಾಟಲಿ ಮುಚ್ಚಳ ಜೋಡಿಸಿ ತೋರಿಸಿದೆ. ನಮ್ಮವು ಮಗುಚಿಟ್ಟದ್ದು, ಅವರವು ಮೇಲ್ಮುಖ. ಎಡಗಡೆ ಮೂಲೆಯಲ್ಲಿ ನಮ್ಮದು ಒಂದೇ ಮುಚ್ಚಳ, ಅವರದು ಎರಡು. ಯಾರೂ ಮಾತಾಡಲಿಲ್ಲ. ಬೈದವರಲ್ಲಿ ಒಬ್ಬ ಹೋಗಿ ಅವನ ಪಕ್ಕ ಕೂತ.

ಫಾರ್ಮೇಶನ್ ಆರಿಸುವಾಗ ನಾವೆಲ್ಲ ಚೆಂಡು ನಮ್ಮ ಕಾಲಲ್ಲಿರುವ ಆಟವನ್ನೇ ಕಲ್ಪಿಸಿಕೊಳ್ಳುತ್ತೇವೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಚೆಂಡು ಹೋದ ಮರುಕ್ಷಣ ಯಾರು ಎಲ್ಲಿಗೆ ಓಡಬೇಕು? ಆ ಓಟ ಓಡುವ ಹುಡುಗ ನಮ್ಮಲ್ಲಿ ಇದ್ದಾನಾ?

ಒಂದು ಸಣ್ಣ ಲೆಕ್ಕ

ಫುಟ್‌ಬಾಲ್ ನಿಯಮದ ಪ್ರಕಾರ ಮೈದಾನದ ಅಗಲ 45ರಿಂದ 90 ಮೀಟರ್ ತನಕ ಇರಬಹುದು. ಉದ್ದ 90ರಿಂದ 120 ಮೀಟರ್. ನಮ್ಮ ಗ್ರೌಂಡ್ 60 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಒಂದು ಸಾಲಿನಲ್ಲಿ ನಾಲ್ವರು ನಿಂತರೆ ಒಬ್ಬೊಬ್ಬನ ಪಾಲಿಗೆ 15 ಮೀಟರ್. ಮೂವರಾದರೆ 20 ಮೀಟರ್. ಐವರಾದರೆ 12.

ಬರೀ 5 ಮೀಟರ್ ವ್ಯತ್ಯಾಸ ಅನಿಸಬಹುದು. ಚೆಂಡು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವುದು ಎರಡು ಪಾಸ್‌ನಲ್ಲಿ. ಪ್ರತಿ ಸಲ ಆ 5 ಮೀಟರ್ ಜಾಸ್ತಿ ಓಡಬೇಕು. ತೊಂಬತ್ತು ನಿಮಿಷದಲ್ಲಿ ನೂರಾರು ಸಲ. ಎಪ್ಪತ್ತನೇ ನಿಮಿಷಕ್ಕೆ ಯಾರ ಕಾಲು ಎಳೆಯುತ್ತದೆ ಅನ್ನೋದು ಇಲ್ಲೇ ತೀರ್ಮಾನವಾಗುತ್ತದೆ.

ಹಾಗಾದರೆ ಎಲ್ಲ ಸಾಲಲ್ಲೂ ಐವರನ್ನು ನಿಲ್ಲಿಸಿಬಿಡೋಣ ಅಂದರೆ ಆಗಲ್ಲ, ಇರುವುದು ಹತ್ತೇ ಜನ. ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ ಬಡಿಸೋಕೇ ಎಲ್ಲರೂ ಹೋದರೆ ಸಾರಿನ ಬಕೆಟ್ ಹಿಡಿಯೋರು ಇರಲ್ಲ. ಯಾವುದೇ ಫಾರ್ಮೇಶನ್ ಒಂದು ಕಡೆ ಜನ ಕೊಟ್ಟು ಇನ್ನೊಂದು ಕಡೆ ಕಸಿದುಕೊಳ್ಳುತ್ತದೆ. ಕಸಿದುಕೊಂಡದ್ದು ಎಲ್ಲಿಂದ ಅಂತ ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ.

4-4-2 ಮತ್ತು 4-3-3

ಕಲಿಸೋಕೆ ಅತಿ ಸುಲಭ 4-4-2. ಹಿಂದೆ ನಾಲ್ವರ ಸಾಲು, ಅದರ ಮುಂದೆ ಇನ್ನೊಂದು ನಾಲ್ವರ ಸಾಲು. ಎರಡೂ ಬದಿಯಲ್ಲಿ ಒಬ್ಬರ ಮುಂದೆ ಒಬ್ಬರು, ಅಂದರೆ ಜೋಡಿ. ನಮ್ಮ ಲೆಫ್ಟ್ ಬ್ಯಾಕ್‌ಗೆ ಅವತ್ತು ಇಲ್ಲದೆ ಹೋದದ್ದು ಈ ಜೋಡಿಯೇ. ಮುಂದೆ ಇಬ್ಬರು ಸ್ಟ್ರೈಕರ್ ಇರುವುದರಿಂದ ಹಿಂದಿನಿಂದ ಉದ್ದ ಚೆಂಡು ಹೊಡೆದರೂ ಒಬ್ಬ ತಲೆ ಕೊಟ್ಟರೆ ಇನ್ನೊಬ್ಬ ಹಿಡಿಯುತ್ತಾನೆ.

ಇದರ ತೊಂದರೆ ನಟ್ಟನಡುವೆ. ಮಿಡ್‌ಫೀಲ್ಡಿನ ನಾಲ್ವರಲ್ಲಿ ಇಬ್ಬರು ಬದಿಗೆ ಹೋದರೆ ನಡುವೆ ಉಳಿಯುವುದು ಇಬ್ಬರೇ. 4-3-3 ತಂಡಕ್ಕೆ ಅಲ್ಲಿ ಮೂವರು. ಮೂವರಲ್ಲಿ ಒಬ್ಬ ಯಾವಾಗಲೂ ಖಾಲಿ ಸಿಗುತ್ತಾನೆ. ಇಬ್ಬರೂ ಅವನ ಹಿಂದೆ ಓಡಿ ಓಡಿ ಸುಸ್ತಾಗುತ್ತಾರೆ. ಇದನ್ನು ತಪ್ಪಿಸೋಕೆ ಇಬ್ಬರು ಸ್ಟ್ರೈಕರ್‌ಗಳಲ್ಲಿ ಒಬ್ಬ ಕೆಳಗಿಳಿದು ನಿಲ್ಲಬೇಕು. ಆಗ ಅದು 4-4-1-1.

4-3-3 ನೋಡೋಕೆ ಚೆಂದ. ಮುಂದೆ ಮೂವರು ಇರುವುದರಿಂದ ಎದುರು ತಂಡದ ಡಿಫೆಂಡರ್‌ಗಳ ಮೇಲೆ ಅಲ್ಲೇ ಮುಗಿಬೀಳಬಹುದು. ಇದನ್ನೇ ಪ್ರೆಸ್ ಮಾಡೋದು ಅನ್ನುತ್ತಾರೆ. ಆದರೆ ಇದಕ್ಕೆ ಮೂರು ಥರದವರು ಬೇಕೇ ಬೇಕು. ಹಿಂದಕ್ಕೂ ಓಡುವ ಇಬ್ಬರು ವಿಂಗರ್. ಡಿಫೆನ್ಸ್ ಮುಂದೆ ನಿಂತು ಚೆಂಡು ಕಿತ್ತು ಸರಳವಾಗಿ ಪಾಸ್ ಕೊಡುವ ಒಬ್ಬ ಮಿಡ್‌ಫೀಲ್ಡರ್. ಇಬ್ಬರು ಡಿಫೆಂಡರ್ ನಡುವೆ ಒಬ್ಬನೇ ನಿಂತು ಚೆಂಡು ಹಿಡಿದಿಡುವ ಸ್ಟ್ರೈಕರ್. ಇವರಲ್ಲಿ ಒಬ್ಬ ಇಲ್ಲದಿದ್ದರೂ ಆ ಜಾಗದಲ್ಲಿ ತೂತು ಬೀಳುತ್ತದೆ. ಟಿವಿಯಲ್ಲಿ ನೋಡುವಾಗ ಅಂಥವರು ಎಷ್ಟು ದುಬಾರಿ ಆಟಗಾರರು ಅನ್ನೋದು ಮರೆತುಹೋಗುತ್ತದೆ.

4-2-3-1 ಇವೆರಡರ ನಡುವಿನದು. ಡಿಫೆನ್ಸ್ ಮುಂದೆ ಇಬ್ಬರು ಕಾವಲು, ಅವರ ಮುಂದೆ ಮೂವರು, ತುದಿಯಲ್ಲಿ ಒಬ್ಬ. 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ಹೆಚ್ಚಾಗಿ ಹೀಗೆ ನಿಲ್ಲುತ್ತಿತ್ತು. ಬದಿಯವರು ಕೆಳಗೆ ಬಂದರೆ ಇದೂ 4-4-1-1 ಆಗಿಬಿಡುತ್ತದೆ.

ಹಿಂದೆ ಮೂವರು ನಿಂತರೆ

3-5-2 ಅಥವಾ 3-4-3 ಅಂದಾಗ ಹಿಂದೆ ಮೂವರೇ ಅಂತ ಹೆದರುತ್ತಾರೆ. ನಿಜಕ್ಕೂ ಇಲ್ಲಿ ಮುಖ್ಯರಾದವರು ಎರಡು ಬದಿಯ ವಿಂಗ್ ಬ್ಯಾಕ್‌ಗಳು. ಚೆಂಡು ನಮ್ಮದಾದಾಗ ಅವರು ವಿಂಗರ್. ಚೆಂಡು ಹೋದಾಗ ಓಡಿ ಬಂದು ಮೂವರ ಜೊತೆ ಸೇರುತ್ತಾರೆ, ಸಾಲು ಐದಾಗುತ್ತದೆ. ಇಡೀ ಬದಿಗೆ ಒಬ್ಬನೇ ಮಾಲೀಕ. ನೂರು ಮೀಟರ್ ಉದ್ದದ ಗ್ರೌಂಡಿನಲ್ಲಿ ಮೇಲಿಂದ ಕೆಳಕ್ಕೆ ದಿನವಿಡೀ ಓಡುವ ಇಂಥ ಇಬ್ಬರು ಹುಡುಗರಿದ್ದರೆ ಇದು ಬಹಳ ಒಳ್ಳೆಯ ಫಾರ್ಮೇಶನ್. ಒಬ್ಬನೇ ಇದ್ದರೆ ಬೇಡ.

ಈ ಅಂಕಿಗಳು ಬದಲಾದದ್ದು ಹೇಗೆ

ನೂರೈವತ್ತು ವರ್ಷದ ಹಿಂದೆ ಹೋದರೆ ನಂಬೋಕಾಗಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಎಲ್ಲರೂ ಆಡುತ್ತಿದ್ದದ್ದು 2-3-5. ಹಿಂದೆ ಇಬ್ಬರೇ, ಮುಂದೆ ಐವರು! ಆಗಿನ ಆಫ್‌ಸೈಡ್ ನಿಯಮ ಡಿಫೆಂಡರ್‌ಗಳ ಪರ ಇತ್ತು. ಪಾಸ್ ಪಡೆಯುವವನಿಗೂ ಗೋಲ್ ಗೆರೆಗೂ ನಡುವೆ ಎದುರು ತಂಡದ ಮೂವರು ಇರಬೇಕಿತ್ತು. 1925ರಲ್ಲಿ ಅದನ್ನು ಇಬ್ಬರಿಗೆ ಇಳಿಸಿದರು. ಗೋಲುಗಳ ಸುರಿಮಳೆ ಆಯಿತು. ಇಂಗ್ಲೆಂಡಿನ ಆರ್ಸೆನಲ್ ತಂಡದ ಕೋಚ್ ಹರ್ಬರ್ಟ್ ಚಾಪ್‌ಮನ್ ನಡುವಿನ ಒಬ್ಬನನ್ನು ಹಿಂದಕ್ಕೆ ಎಳೆದು ಮೂವರು ಡಿಫೆಂಡರ್ ಮಾಡಿದರು.

1953ರ ನವೆಂಬರ್‌ನಲ್ಲಿ ಹಂಗೇರಿ ಲಂಡನ್‌ನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಹಂಗೇರಿಯ ಸ್ಟ್ರೈಕರ್ ಹಿಡೆಗ್‌ಕುಟಿ ಮುಂದೆ ನಿಲ್ಲದೆ ಕೆಳಗಿಳಿದು ಬರುತ್ತಿದ್ದರು. ಅವರನ್ನು ಕಾಯಬೇಕಾದ ಡಿಫೆಂಡರ್‌ಗೆ ಅವರ ಬೆನ್ನು ಹತ್ತಿ ಹೋಗಬೇಕೋ ತನ್ನ ಜಾಗದಲ್ಲೇ ನಿಲ್ಲಬೇಕೋ ತಿಳಿಯಲಿಲ್ಲ. ಹಿಡೆಗ್‌ಕುಟಿ ಮೂರು ಗೋಲ್ ಹೊಡೆದರು. ಚುಕ್ಕಿ ಅದೇ ಇದ್ದರೂ ಗೆರೆ ಬದಲಾಗಿತ್ತು. 1958ರಲ್ಲಿ ಬ್ರೆಜಿಲ್ 4-2-4 ಆಡಿ ವಿಶ್ವಕಪ್ ಗೆದ್ದ ಮೇಲೆ ಹಿಂದೆ ನಾಲ್ವರು ನಿಲ್ಲುವುದು ಎಲ್ಲ ಕಡೆ ಹಬ್ಬಿತು.

ನಮ್ಮ ದೇಶದ ಕಥೆ ಇನ್ನೂ ಹತ್ತಿರದ್ದು. ಹೈದರಾಬಾದಿನ ಶಾಲಾ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಭಾರತ ತಂಡದ ಕೋಚ್. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ರಹೀಮ್ ಆಟದ ಕ್ರಮವನ್ನೇ ಬದಲಿಸಿದರು. ನಾಲ್ಕು ವರ್ಷದ ನಂತರ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಮ್ ಅವರನ್ನು ಫಾರ್ವರ್ಡ್ ಜಾಗದಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಜರ್ನೈಲ್ ಗೋಲ್ ಹೊಡೆದರು. ಭಾರತ 2-1ರಿಂದ ಚಿನ್ನ ಗೆದ್ದಿತು. ಹಾಳೆಯ ಮೇಲೆ ಯಾರ ಹೆಸರಿನ ಮುಂದೆ ಏನು ಬರೆದಿದೆ ಅನ್ನೋದಕ್ಕಿಂತ ಆ ಮನುಷ್ಯ ಏನು ಮಾಡಬಲ್ಲ ಅಂತ ನೋಡಿದ ಕೋಚ್ ಅವರು. ಈ ಕಥೆ ಹೇಳುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಹಾಗಾದರೆ ಗೆಲ್ಲುವ ಫಾರ್ಮೇಶನ್ ಯಾವುದು?

ಇದಕ್ಕೆ ಒಬ್ಬ ಆಟಗಾರನ ಎರಡು ವರ್ಷ ನೋಡಿದರೆ ಸಾಕು. ಎನ್‌ಗೊಲೊ ಕಾಂಟೆ, ಫ್ರಾನ್ಸಿನ ಮಿಡ್‌ಫೀಲ್ಡರ್. 2015-16ರಲ್ಲಿ ಅವರು ಲೆಸ್ಟರ್ ಸಿಟಿಯಲ್ಲಿದ್ದರು. 4-4-2 ಹಳೇದಾಯ್ತು ಅಂತ ಎಲ್ಲರೂ ಹೇಳುತ್ತಿದ್ದ ಕಾಲ. ಕೋಚ್ ಕ್ಲಾಡಿಯೊ ರನಿಯೇರಿ ಅದನ್ನೇ ಆಡಿಸಿದರು. ನಡುವೆ ಇಬ್ಬರೇ ಇದ್ದರೂ ಕಾಂಟೆ ಇಬ್ಬರ ಕೆಲಸ ಮಾಡಿದರು. ಒಬ್ಬ ಸ್ಟ್ರೈಕರ್ ಒಕಝಾಕಿ ಕೆಳಗಿಳಿದು ದುಡಿದರು, ಇನ್ನೊಬ್ಬ ವಾರ್ಡಿ ಖಾಲಿ ಜಾಗಕ್ಕೆ ಓಡಿದರು. ಯಾರೂ ಎಣಿಸದ ಲೆಸ್ಟರ್ ಇಂಗ್ಲಿಷ್ ಪ್ರೀಮಿಯರ್ ಲೀಗ್ ಗೆದ್ದಿತು.

ಮುಂದಿನ ವರ್ಷ ಕಾಂಟೆ ಚೆಲ್ಸಿಗೆ ಹೋದರು. 2016ರ ಸೆಪ್ಟೆಂಬರ್ 24ರಂದು ಚೆಲ್ಸಿ ಆರ್ಸೆನಲ್‌ಗೆ 3-0ಯಿಂದ ಸೋತಿತು. ಕೋಚ್ ಅಂಟೋನಿಯೊ ಕಾಂಟೆ (ಹೆಸರು ಒಂದೇ ಥರ, ಮನುಷ್ಯ ಬೇರೆ) 3-4-3ಕ್ಕೆ ಬದಲಾಯಿಸಿದರು. ಆಮೇಲೆ ಲೀಗ್‌ನಲ್ಲಿ ಸತತ 13 ಗೆಲುವು. ಕೊನೆಗೆ ಅವರೇ ಚಾಂಪಿಯನ್. ಒಬ್ಬನೇ ಮಿಡ್‌ಫೀಲ್ಡರ್, ಎರಡು ಬೇರೆ ಫಾರ್ಮೇಶನ್, ಎರಡು ಕಪ್. ಎರಡೂ ಕಡೆ ಕೋಚ್‌ಗಳು ಕೈಯಲ್ಲಿರುವವರನ್ನು ನೋಡಿ ಚುಕ್ಕಿ ಇಟ್ಟಿದ್ದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲೂ ಅಷ್ಟೇ. ಮೊದಲು ಹಾಸಿಗೆ ಅಳೆಯಬೇಕು.

ಅಳೆಯೋದು ಹೇಗೆ

ನಾನು ಮೊದಲು ನೋಡುವುದು ಪ್ರಾಕ್ಟೀಸ್‌ಗೆ ಎಷ್ಟು ಜನ ಬರುತ್ತಾರೆ ಅಂತ. ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತೆರಡು ಹೆಸರಿರುತ್ತದೆ. ಬೆಳಗ್ಗೆ ಆರಕ್ಕೆ ಬರುವವರು ಹದಿನಾಲ್ಕು. ಟೊಮೆಟೊ ಸೀಸನ್ ಬಂದರೆ ಮನೆಯ ಲೋಡ್ ಮಾರ್ಕೆಟ್ಟಿಗೆ ಹೋಗುವ ದಿನ ಇಬ್ಬರು ಬರಲ್ಲ. ಇನ್ನಿಬ್ಬರಿಗೆ ಬೆಂಗಳೂರಿನ ಬಸ್ ಹಿಡಿಯಬೇಕು. ಅಂದರೆ ನಮ್ಮ ಹಾಸಿಗೆ ಹತ್ತು ಹನ್ನೆರಡು ಜನರದು. ಯಾರಾದರೂ ಒಬ್ಬ ಬರದಿದ್ದರೆ ಕುಸಿಯುವ ಫಾರ್ಮೇಶನ್ ನಮಗೆ ಆಗಲ್ಲ. 3-5-2 ಅಲ್ಲೇ ಹೋಯಿತು.

ಎರಡನೆಯದು ಗೋಲಿನಿಂದ ಗೋಲಿಗೆ ನಡುವಿನ ಗೆರೆ. ಗೋಲ್‌ಕೀಪರ್, ಇಬ್ಬರು ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್‌ಗಳು), ಒಬ್ಬ ನಡುವಿನ ಮಿಡ್‌ಫೀಲ್ಡರ್, ಒಬ್ಬ ಸ್ಟ್ರೈಕರ್. ಈ ಐದು ಜಾಗಕ್ಕೆ ಯಾರು ಅನ್ನೋದು ಮೊದಲು. ಸೆಂಟರ್ ಬ್ಯಾಕ್‌ಗಳು ನಿಧಾನವಾಗಿದ್ದರೆ ಅವರನ್ನು ಮೈದಾನದ ನಡುಗೆರೆ ತನಕ ಮೇಲೆ ನಿಲ್ಲಿಸಬಾರದು. ಬೆನ್ನ ಹಿಂದಿನ ಖಾಲಿ ಜಾಗಕ್ಕೆ ವೇಗದ ಫಾರ್ವರ್ಡ್ ನುಗ್ಗಿದರೆ ಹಿಡಿಯೋಕಾಗಲ್ಲ. ಎಡಗಾಲಿನ ಹುಡುಗರು ಎಷ್ಟಿದ್ದಾರೆ ಅಂತಲೂ ಎಣಿಸಿ. ನಮ್ಮಲ್ಲಿ ಇಬ್ಬರೇ, ಇಬ್ಬರೂ ಎಡಗಡೆಗೆ ಬೇಕು.

ಮೂರನೆಯದು ನೆಲ. ನಮ್ಮ ಕಡೆ ಗ್ರೌಂಡ್ ಕೆಂಪು ಮಣ್ಣಿನದು. ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ ಗಟ್ಟಿ. ಚೆಂಡು ಮೊಣಕಾಲಿನ ಎತ್ತರಕ್ಕೆ ಪುಟಿಯುತ್ತದೆ. ಹುಲ್ಲಿನ ಮೇಲೆ ಆಡುವ ಸಣ್ಣ ಸಣ್ಣ ಪಾಸ್ ಇಲ್ಲಿ ಮೂರನೆಯದಕ್ಕೇ ತಪ್ಪುತ್ತದೆ. ಹಾಗಾಗಿ ಚೆಂಡು ಮುಂದಕ್ಕೆ ಹೋದಾಗ ಅಲ್ಲಿ ಒಬ್ಬನಿಗಿಂತ ಇಬ್ಬರಿದ್ದರೆ ಒಳ್ಳೆಯದು. ಗಣಿ ಕಾಲದಿಂದ ಫುಟ್‌ಬಾಲ್ ಬೆಳೆದ ಕೆಜಿಎಫ್ ಕಡೆಯ ಹಿರಿಯ ಆಟಗಾರರೊಬ್ಬರು ನಮ್ಮ ಹುಡುಗರಿಗೆ ಮೊದಲು ಹೇಳಿದ್ದೂ ಇದನ್ನೇ. "ನೆಲ ನೋಡಿ ಪಾಸ್ ಹೊಡಿ ಮಗಾ."

ಬದಲಿ ಆಟಗಾರರ ವಿಷಯ ಟೂರ್ನಮೆಂಟ್ ಶುರುವಾಗುವ ಮೊದಲೇ ಕೇಳಿಕೊಳ್ಳಿ. ದೊಡ್ಡ ಲೀಗ್‌ಗಳಲ್ಲಿ ಈಗ ಐವರನ್ನು ಬದಲಿಸಬಹುದು. ಊರಿನ ಟೂರ್ನಮೆಂಟ್‌ಗಳಲ್ಲಿ ನಿಯಮ ಬೇರೆ ಬೇರೆ.

ಏಳು ಜನರ ಆಟವಾದರೆ?

ಟರ್ಫ್‌ನಲ್ಲಿ ಏಳೇಳು ಜನ ಆಡುವ ಪಂದ್ಯಗಳು ಈಗ ಜಾಸ್ತಿ. ಕೀಪರ್ ಬಿಟ್ಟು ಆರು ಜನ. 2-3-1 ಸಾಕು. ನಡುವಿನ ಮೂವರಲ್ಲಿ ಬದಿಯ ಇಬ್ಬರು ಮೇಲೆ ಕೆಳಗೆ ಓಡುತ್ತಾರೆ. ಗೆಲ್ಲುತ್ತಿದ್ದು ಕೊನೆಯ ಐದು ನಿಮಿಷ ಉಳಿದಿದ್ದರೆ ಒಬ್ಬನನ್ನು ಹಿಂದೆ ಕರೆದು 3-2-1 ಮಾಡಬಹುದು.

ನಾವು ಏನು ಆರಿಸಿದೆವು

ಮುಂದಿನ ಸೀಸನ್‌ಗೆ ನಮ್ಮದು 4-4-1-1. ಚೆಂಡು ಹೋದಾಗ ನಾಲ್ವರ ಎರಡು ಸಾಲು, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಹತ್ತು ಹನ್ನೆರಡು ಹೆಜ್ಜೆ. ಚೆಂಡು ಸಿಕ್ಕಾಗ ಎಡಗಡೆಯ ನಮ್ಮ ವೇಗದ ಹುಡುಗ ಮುಂದೆ ಹೋಗುತ್ತಾನೆ. ಅವನು ಹೋದ ಜಾಗಕ್ಕೆ ನಡುವಿನ ಮಿಡ್‌ಫೀಲ್ಡರ್ ಎರಡು ಹೆಜ್ಜೆ ಜರುಗುತ್ತಾನೆ. ರೆಡ್ ಕಾರ್ಡ್ ಬಿದ್ದು ಒಬ್ಬ ಹೊರಗೆ ಹೋದರೂ 4-4-1 ಉಳಿಯುತ್ತದೆ, ಎರಡು ಸಾಲು ಒಡೆಯುವುದಿಲ್ಲ.

ಮೊದಲ ಎರಡು ವಾರ ಎದುರಾಳಿಯೇ ಇಲ್ಲದೆ ಅಭ್ಯಾಸ. ನಾನು ಚೆಂಡು ಹಿಡಿದು ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಯುತ್ತೇನೆ. ಹತ್ತು ಜನ ನನ್ನ ಜೊತೆ ಸಾಲಾಗಿ ಜರುಗಬೇಕು, ಕಬಡ್ಡಿ ಸಾಲಿನ ಹಾಗೆ. ಬೇಜಾರಿನ ಕೆಲಸ. ಹುಡುಗರು ಗೊಣಗುತ್ತಾರೆ. ಆಮೇಲೆ ಮೂರು ಪ್ರಾಕ್ಟೀಸ್ ಮ್ಯಾಚ್. ಒಂದು ಸೋತ ಕೂಡಲೇ ಫಾರ್ಮೇಶನ್ ಬದಲಿಸುವುದಿಲ್ಲ ಅಂತ ಎಲ್ಲರೂ ಸೇರಿ ಒಪ್ಪಿಕೊಂಡಿದ್ದೇವೆ. ಅದೇ ಜಾಗದಲ್ಲಿ ಎರಡು ಮೂರು ಸಲ ತೂತು ಬಿದ್ದರೆ ಮಾತ್ರ ಮತ್ತೆ ಮುಚ್ಚಳ ಜೋಡಿಸೋದು.

ಮೊನ್ನೆ ಮೊದಲ ದಿನದ ಅಭ್ಯಾಸದಲ್ಲಿ ನಾನು ಚೆಂಡು ಹಿಡಿದು ಎಡಗಡೆಗೆ ಹೋದೆ. ಲೆಫ್ಟ್ ಬ್ಯಾಕ್ ಹುಡುಗ ನನ್ನ ಎದುರು ಬಂದ. ಅವನ ಹಿಂದಿನಿಂದ ವಿಂಗರ್ ಓಡಿ ಬಂದು ಪಕ್ಕ ನಿಂತು, "ನಾನಿದೀನಿ, ನೀನು ಹೋಗು" ಅಂದ.